ಮೌನಂ ಸಮ್ಮತಿ ಲಕ್ಷಣಂ ಅನ್ನೋ ಸ್ವಿಚ್ಚುಗಳು

ನೆಟ್‌ವರ್ಕ್ ಕೆಲಸ ಮಾಡೋರ ಮುಂದೆ 'ಲೂಪ್' ಅಂತ ಒಂದು ಮಾತು ಹೇಳಿ ನೋಡಿ, ಮುಖ ಸಣ್ಣಗಾಗುತ್ತೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಎರಡು ಸ್ವಿಚ್ಚುಗಳ ನಡುವೆ ಒಂದು ಕೇಬಲ್ ಬದಲು ಎರಡು ಹಾಕಿದರೆ ಒಳ್ಳೇದೇ ಅಲ್ವಾ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತಲ್ಲ? ಇರುತ್ತೆ. ಆದರೆ ಆ ಎರಡನೇ ಕೇಬಲ್ಲೇ ಇಡೀ ಕಟ್ಟಡವನ್ನ ಮಲಗಿಸಿಬಿಡಬಹುದು.

ಯಾಕೆ ಅಂದ್ರೆ, ಐಪಿ ಪ್ಯಾಕೆಟ್ಟಿಗೆ ಒಂದು ಆಯುಸ್ಸು ಬರೆದಿರುತ್ತೆ. ಒಂದೊಂದು ರೂಟರ್ ದಾಟಿದಾಗಲೂ ಒಂದೊಂದು ಕಮ್ಮಿಯಾಗಿ ಸೊನ್ನೆಗೆ ಬಂದಾಗ ಅದರ ಕಥೆ ಮುಗೀತು. ಈಥರ್ನೆಟ್ ಫ್ರೇಮಿಗೆ ಆ ಭಾಗ್ಯ ಇಲ್ಲ. ಅದು ಅಶ್ವತ್ಥಾಮನ ಥರ, ಸಾವಿಲ್ಲದೆ ಅಲೆಯುತ್ತೆ. 'ಈ ವಿಳಾಸ ಯಾರದ್ದಪ್ಪಾ?' ಅಂತ ಯಾವುದೋ ಕಂಪ್ಯೂಟರ್ ಕೇಳಿದ ಒಂದು ಬ್ರಾಡ್‌ಕಾಸ್ಟ್ ಪ್ರಶ್ನೆಯನ್ನ ಸ್ವಿಚ್ಚು ಬಂದ ಬಾಗಿಲು ಬಿಟ್ಟು ಉಳಿದೆಲ್ಲ ಬಾಗಿಲಿಂದ ಆಚೆ ಕಳಿಸುತ್ತೆ. ಪಕ್ಕದ ಸ್ವಿಚ್ಚೂ ಅದನ್ನೇ ಮಾಡುತ್ತೆ. ದಾರಿ ಉಂಗುರದ ಥರ ಇದ್ರೆ ಪ್ರಶ್ನೆ ತಿರುಗಿ ಬರುತ್ತೆ, ಮತ್ತೆ ಹೋಗುತ್ತೆ. ಇಂಥ ಪ್ರಶ್ನೆಗಳು ಸೇರ್ತಾ ಸೇರ್ತಾ ಕೆಲವೇ ಸೆಕೆಂಡಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿನುಗೋಕೆ ಶುರು. ಒಂದು ಸಲ ನೋಡಿದವರು ಆ ಮಿನುಗನ್ನ ಮರೆಯಲ್ಲ.

ಇದಕ್ಕೆ ಮದ್ದು ಹುಡುಕಿದವರು ರೇಡಿಯಾ ಪರ್ಲ್‌ಮನ್, ೧೯೮೦ರ ದಶಕದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ. ಅವರೇ ಹೇಳಿಕೊಂಡಿರೋ ಪ್ರಕಾರ ಒಂದು ಶುಕ್ರವಾರ ಮ್ಯಾನೇಜರ್ ಸಮಸ್ಯೆ ಕೊಟ್ಟು ರಜಕ್ಕೆ ಹೋದರಂತೆ. ಆ ರಾತ್ರಿಯೇ ಉಪಾಯ ಹೊಳೆದು, ಸೋಮವಾರ ಮಂಗಳವಾರದಲ್ಲಿ ವಿವರ ಬರೆದು ಮುಗಿಸಿ, ಮಿಕ್ಕ ವಾರ ಮಾಡೋಕೆ ಕೆಲಸ ಇಲ್ಲದೆ ಅದರ ಬಗ್ಗೆ ಒಂದು ಪದ್ಯ ಬರೆದರಂತೆ! ೧೯೮೫ರ ಪ್ರಬಂಧದಲ್ಲಿ ಸಾರಾಂಶದ ಜಾಗದಲ್ಲಿ ಇರೋದೂ ಆ ಪದ್ಯವೇ. ೧೯೯೦ರಲ್ಲಿ ಅದು ೮೦೨.೧ಡಿ ಅನ್ನೋ ಹೆಸರಲ್ಲಿ ಐಇಇಇ ಮಾನಕದೊಳಗೆ ಬಂತು.

ಉಪಾಯ ಇಷ್ಟೇ. ಎಲ್ಲ ಸ್ವಿಚ್ಚು ಸೇರಿ ಒಬ್ಬ ಯಜಮಾನನನ್ನ ಆರಿಸಿಕೊಳ್ಳುತ್ತವೆ, ಅದೇ ರೂಟ್. ಪ್ರತಿಯೊಂದೂ ರೂಟ್ ಕಡೆಗೆ ತನ್ನ ಅತಿ ಅಗ್ಗದ ದಾರಿ ಯಾವುದು ಅಂತ ಲೆಕ್ಕ ಹಾಕುತ್ತೆ. ಉಂಗುರ ಆಗುವಂಥ ಹೆಚ್ಚಿನ ದಾರಿಗಳ ಬಾಗಿಲು ಬಂದ್. ಉಳಿದದ್ದು ಮರ, ಮರದಲ್ಲಿ ಉಂಗುರ ಇರಲ್ಲ. ಯಜಮಾನಿಕೆ ಯಾರಿಗೆ ಅಂದ್ರೆ, ಅತಿ ಚಿಕ್ಕ ಆದ್ಯತೆ ಸಂಖ್ಯೆ ಇರೋರಿಗೆ. ಯಾರೂ ಕೈಹಾಕದೆ ಬಿಟ್ಟರೆ ಎಲ್ಲರದ್ದೂ ೩೨೭೬೮. ಆಗ ಮ್ಯಾಕ್ ವಿಳಾಸ ಯಾರದ್ದು ಚಿಕ್ಕದೋ ಅವರೇ ಗೆದ್ದರು, ಅದು ಸಾಮಾನ್ಯವಾಗಿ ಹಳೇ ಸ್ವಿಚ್ಚಿನದ್ದು. ಅವಿಭಕ್ತ ಕುಟುಂಬದಲ್ಲಿ ಕಣ್ಣು ಕಿವಿ ಮಂದವಾದ ದೊಡ್ಡಜ್ಜನಿಗೇ ಯಜಮಾನಿಕೆ ಉಳಿದ ಹಾಗೆ :) ಸ್ಟೋರ್ ರೂಮಿನ ಮೂಲೆಯ ಧೂಳು ಹಿಡಿದ ಡಬ್ಬ ಇಡೀ ಆಫೀಸಿನ ರೂಟ್ ಆಗಿ ಕೂತಿದ್ದನ್ನ ನಾನೇ ನೋಡಿದ್ದೀನಿ.

ಇಷ್ಟರ ತನಕ ಎಲ್ಲಾ ಪುಸ್ತಕದಲ್ಲೂ ಇದೆ. ನನ್ನ ತಲೆ ತಿನ್ನೋದು ಬೇರೆ. ಬಂದ್ ಆದ ಬಾಗಿಲು ಬಂದ್ ಆಗೇ ಇರೋದು ಯಾಕೆ ಗೊತ್ತಾ? ಅಲ್ಲಿಗೆ ಪ್ರತಿ ೨ ಸೆಕೆಂಡಿಗೆ ಒಂದು ಸಂದೇಶ, ಬಿಪಿಡಿಯು, ಬರ್ತಾ ಇರೋದರಿಂದ. ೨೦ ಸೆಕೆಂಡ್ ಏನೂ ಕೇಳಿಸಲಿಲ್ಲ ಅಂದ್ರೆ ಸ್ವಿಚ್ಚು 'ಓಹೋ, ಆ ಕಡೆ ಯಾರೂ ಇಲ್ಲ' ಅಂದುಕೊಳ್ಳುತ್ತೆ. ಆಮೇಲೆ ೧೫ ಮತ್ತು ೧೫ ಸೆಕೆಂಡ್ ಕಾದು ಬಾಗಿಲು ತೆಗೆದುಬಿಡುತ್ತೆ. ಮೌನಂ ಸಮ್ಮತಿ ಲಕ್ಷಣಂ! ಆದರೆ ಆ ಕಡೆಯವನು ಸತ್ತಿಲ್ಲ, ಕೆಲಸದ ಹೊರೆಯಲ್ಲಿ ಮಾತಾಡೋಕೆ ಪುರುಸೊತ್ತಿಲ್ಲ ಅಷ್ಟೇ ಅಂತಿಟ್ಟುಕೊಳ್ಳಿ. ಬಾಗಿಲು ತೆಗೀತು, ಉಂಗುರ ಆಯ್ತು, ಹೊರೆ ಇನ್ನೂ ಹೆಚ್ಚಾಯ್ತು, ಮೌನ ಇನ್ನೂ ಗಾಢವಾಯ್ತು.

ಬರೀ ವಾದಕ್ಕೆ ಹೇಳ್ತಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಬೆತ್ ಇಸ್ರೇಲ್ ಡೀಕನೆಸ್ ಅಂತ ಹಾರ್ವರ್ಡಿಗೆ ಸೇರಿದ ದೊಡ್ಡ ಬೋಧನಾ ಆಸ್ಪತ್ರೆ ಇದೆ. ೧೯೯೬ರಲ್ಲಿ ಎರಡು ಆಸ್ಪತ್ರೆಗಳು ಒಂದಾಗಿ ಹುಟ್ಟಿದ್ದು. ನೆಟ್‌ವರ್ಕೂ ಹಾಗೇ ತುಂಡಿಗೆ ತುಂಡು ಸೇರಿಸಿ ಬೆಳೆದದ್ದು. ೨೦೦೨ರ ನವೆಂಬರ್ ೧೩ರಂದು ಅಲ್ಲಿನ ಒಬ್ಬ ಸಂಶೋಧಕರ ತಂತ್ರಾಂಶ ಭಾರೀ ಪ್ರಮಾಣದಲ್ಲಿ ಮಾಹಿತಿ ಸಾಗಿಸೋಕೆ ಶುರು ಮಾಡ್ತು. ಮುಖ್ಯ ಸ್ವಿಚ್ಚು ಉಸಿರು ಕಟ್ಟಿ ಸುಮ್ಮನಾಯ್ತು. ಬದಲಿಗೆ ಅಂತ ಇಟ್ಟಿದ್ದದ್ದು 'ಇವನಿಲ್ಲ' ಅಂದುಕೊಂಡು ಅದೇ ಕೆಲಸಕ್ಕೆ ಕೈಹಾಕ್ತು. ಲೂಪ್. ೮೦೨.೧ಡಿಯ ಸಮಯದ ಲೆಕ್ಕಾಚಾರ ನಡೆಯೋದು ಸಾಲಲ್ಲಿ ೭ ಸ್ವಿಚ್ಚು ಮೀರಬಾರದು ಅನ್ನೋ ನಂಬಿಕೆ ಮೇಲೆ. ಅಲ್ಲಿ ಸೇರಿಸ್ತಾ ಸೇರಿಸ್ತಾ ಅದೂ ಮೀರಿಹೋಗಿತ್ತು. ಸಿಸ್ಕೋದಿಂದ ಎಂಜಿನಿಯರುಗಳು ಬಂದು ಕೂತರೂ ಸರಿ ಹೋಗೋಕೆ ದಿನಗಳೇ ಹಿಡಿದವು. ಅಷ್ಟು ದಿನ ಔಷಧಿ ಚೀಟಿ, ಲ್ಯಾಬ್ ವರದಿ ಎಲ್ಲಾ ಕಾಗದದಲ್ಲಿ, ಕೈಯಲ್ಲಿ ಹೊತ್ತು ಓಡಾಟ. ಆಗ ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಲಾಮ್ಕಾ ಸ್ವತಃ ತುರ್ತು ಚಿಕಿತ್ಸೆಯ ವೈದ್ಯರು. ಅವರು ಏನನ್ನೂ ಮುಚ್ಚಿಡದೆ ನಡೆದದ್ದನ್ನೆಲ್ಲ ಹೊರಗೆ ಹೇಳಿದರು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ೨೦೦೩ರಲ್ಲಿ ಇದರ ಬಗ್ಗೆ ಲೇಖನ ಹಾಕಿತು, ವೈದ್ಯರ ಪತ್ರಿಕೆಯಲ್ಲಿ ಸ್ವಿಚ್ಚಿನ ಕಥೆ! ನಾವು ಮೇಲಿಂದ ಮೇಲೆ ಅದನ್ನ ಓದಬೇಕಾಗಿರೋದು ಅವರ ಈ ದೊಡ್ಡತನದಿಂದ ಸಾಧ್ಯವಾಗಿದೆ.

'ಅದೆಲ್ಲ ಹಳೇ ಕಾಲ, ಈಗ ರ‍್ಯಾಪಿಡ್ ಬಂದಿದೆಯಲ್ಲ' ಅಂತೀರಾ? ಹೌದು, ೨೦೦೧ರಲ್ಲೇ ಬಂತು, ೨೦೦೪ರ ಮಾನಕದಲ್ಲಿ ಹಳೇದನ್ನ ತೆಗೆದೇ ಹಾಕಿದರು. ಬೇಗ ಬಾಗಿಲು ತೆಗೆಯೋ ಮುಂಚೆ ಅದು ಪಕ್ಕದವನನ್ನ ಕೇಳಿ ಒಪ್ಪಿಗೆ ತಗೊಳ್ಳುತ್ತೆ, ಒಳ್ಳೇ ಸಂಸ್ಕಾರ. ಆದರೆ ಉತ್ತರ ಬರದಿದ್ರೆ ಹಳೇ ಥರ ಕಾದು ತೆಗೆಯುತ್ತೆ. ಇನ್ನು ಮೌನವನ್ನ ತಾಳಿಕೊಳ್ಳೋದು ಬರೀ ೩ ಸಂದೇಶ, ಅಂದ್ರೆ ೬ ಸೆಕೆಂಡ್. ಸ್ವಭಾವ ಹೋಗಿಲ್ಲ, ತಾಳ್ಮೆ ಹೋಗಿದೆ.

ಮೀಟಿಂಗ್ ರೂಮಿನ ಮೇಜಿನ ಕೆಳಗೆ ಯಾರೋ ಪುಟ್ಟ ಸ್ವಿಚ್ಚು ತಂದು ಸಿಕ್ಕಿಸಿದರೆ ಆ ಪೋರ್ಟನ್ನೇ ಕೊಲ್ಲೋಕೆ ಬಿಪಿಡಿಯು ಗಾರ್ಡ್ ಇದೆ. ಅದನ್ನ ತುಂಬಾ ಜನ ಹಾಕ್ತಾರೆ, ಒಳ್ಳೇದು. ಆದರೆ ಮೌನಕ್ಕೆ ಮದ್ದು ಲೂಪ್ ಗಾರ್ಡ್. ಬರ್ತಿದ್ದ ಮಾತು ನಿಂತುಹೋದರೆ 'ಏನೋ ಎಡವಟ್ಟಾಗಿದೆ' ಅಂತ ಬಾಗಿಲು ಮುಚ್ಚೇ ಇಡುತ್ತೆ. ಅನೇಕ ಸ್ವಿಚ್ಚುಗಳಲ್ಲಿ ಇದು ತಾನಾಗೇ ಆನ್ ಆಗಿರಲ್ಲ, ನಾವೇ ಹೋಗಿ ಹಾಕಬೇಕು. ನಿಮ್ಮ ಕೈಲಿ ಒಂದು ನೆಟ್‌ವರ್ಕ್ ಇದ್ರೆ ನಾಳೆ ಕಾಫಿ ಆದಮೇಲೆ ಇದು ಹಾಕಿದೆಯಾ ನೋಡಿ. ಹಾಗೇ ರೂಟ್ ಆಗಿ ಯಾವ ದೊಡ್ಡಜ್ಜ ಕೂತಿದ್ದಾನೆ ಅಂತಾನೂ ನೋಡಿ ಬನ್ನಿ.