ಕಪ್ಪು ಫಲಕದ ಕಾರು

ನಮ್ಮ ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ವಿರಾಜಪೇಟೆಯವರಿಗೆ ಹತ್ತಿರದ್ದು ಕೇರಳದ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣ. ಅದು ಶುರುವಾದದ್ದು 2018ರ ಡಿಸೆಂಬರ್ 9ರಂದು. ಅಣ್ಣನಿಗೆ ಹುಷಾರಿಲ್ಲವೆಂದು ಫೋನ್ ಬಂದಾಗ ನಾನೂ ಮೊಮ್ಮಗನೂ ಅಲ್ಲಿ ಇಳಿದು ಕಾರೊಂದನ್ನು ಬಾಡಿಗೆಗೆ ಪಡೆದೆವು.

"ಅಜ್ಜಾ, ಇದರ ನಂಬರ್ ಪ್ಲೇಟ್ ಯಾಕೆ ಕಪ್ಪು?" ಎಂದ. ಬಾಡಿಗೆಗೆ ಪಡೆದು ನಾವೇ ಓಡಿಸುವ ಕಾರಿಗೆ ಕಪ್ಪು ಫಲಕ, ಹಳದಿ ಅಕ್ಷರ. ಟ್ಯಾಕ್ಸಿಗೆ ಹಳದಿ ಫಲಕ, ಕಪ್ಪು ಅಕ್ಷರ. ಮಕ್ಕಳೇ, ರಸ್ತೆಯಲ್ಲಿ ನೀವೂ ಗಮನಿಸಿ.

ಬ್ಯಾಂಕಿನಲ್ಲಿ ಎಣಿಸದೆ ಒಂದು ನೋಟನ್ನೂ ತೆಗೆದುಕೊಂಡವನಲ್ಲ ನಾನು. ಅಂದು ಮಾತ್ರ ಅವಸರದಲ್ಲಿ ಡಿಕ್ಕಿ ತೆಗೆದು ನೋಡದೆಯೇ ಸಹಿ ಹಾಕಿಬಿಟ್ಟೆ. ಇರಿಟ್ಟಿ, ಕೂಟುಪೊಳೆ ದಾಟಿ ಮಾಕುಟ್ಟದ ಕಾಡಿಗೆ ಬಂದಾಗ ಟೈರ್ ಪಂಕ್ಚರ್! ಸ್ಟೆಪ್ನಿಯಲ್ಲೂ ಗಾಳಿಯಿಲ್ಲ. ಫೋನಿಗೆ ಸಿಗ್ನಲ್ ಇಲ್ಲ, ಕತ್ತಲಾಗುತ್ತಿತ್ತು, ಆನೆ ಓಡಾಡುವ ಜಾಗ ಬೇರೆ. ಮೊಮ್ಮಗ ನನ್ನ ಕೈ ಬಿಡಲಿಲ್ಲ. ನಾನೂ ಅವನ ಕೈ ಬಿಡಲಿಲ್ಲ ಅನ್ನಿ.

ಕೊನೆಗೆ ತರಕಾರಿ ಇಳಿಸಿ ಹಿಂದಿರುಗುತ್ತಿದ್ದ ಪಿಕಪ್‌ನವರು ನಮ್ಮನ್ನು ಹತ್ತಿಸಿಕೊಂಡು ವಿರಾಜಪೇಟೆಗೆ ಮುಟ್ಟಿಸಿದರು. ಹಣ ಕೊಡಹೋದರೆ ಮುಟ್ಟಲಿಲ್ಲ.

ಕಂಬಳಿ ಹೊದ್ದು ಕೂತಿದ್ದ ಅಣ್ಣ ಎಲ್ಲ ಕೇಳಿ, ಕೆಮ್ಮುತ್ತಲೇ ನಕ್ಕ.

"ಏನೋ, ನಿನ್ನ ಲೆಕ್ಕವೂ ತಪ್ಪಿತಾ?"