ಹೂವಿನ ಮೇಲಿನ ಪಟ್ಟೆಹುಳು

ಮಳೆಗಾಲವು ಹಿಂದಾಗುವ ದಿನಗಳಲ್ಲಿ ನಾವು ಸವಣೂರಿನ ದೊಡ್ಡ ಹುಣಸೆಮರಗಳನ್ನು ಕಂಡು, ಶಿಗ್ಗಾಂವಿಯ ಮಾರ್ಗವಾಗಿ ಹಾನಗಲ್ಲಿನ ತಾರಕೇಶ್ವರನ ದರ್ಶನಕ್ಕೆ ಹೊರಟಿದ್ದೆವು. ನಡುದಾರಿಯ ಹುಲ್ಲುಗಾವಲಿನಲ್ಲಿ ಬುತ್ತಿ ಬಿಚ್ಚಿದಾಗ, ಹಳದಿ ಹೂಗಳ ಮೇಲೆ ಕಿತ್ತಳೆ ಪಟ್ಟೆಯ ಕರಿಯ ಹುಳುಗಳು ಗುಂಪಾಗಿ ಎಸಳು ಮೇಯುತ್ತಿದ್ದವು. ನಮ್ಮ ಚಿಕ್ಕ ಮಗಳು ಕೈಚಾಚಿದಳು. ಒಂದು ಮಣಿಕಟ್ಟಿಗೇರಲು ಅಂಜಿ ಒತ್ತಿಬಿಟ್ಟಳು. ಮರುದಿನ ಬೆಳಗಾಗುವಷ್ಟರಲ್ಲಿ ಅಲ್ಲಿ ನೀರುಗುಳ್ಳೆ ಎದ್ದಿದ್ದಿತು.

ಇದು ಮೈಲಾಬ್ರಿಸ್ ಎಂಬ ಜೀರುಂಡೆ. ಸುಮಾರು ಒಂದು ಅಂಗುಲದ ನೀಳ ಮೈ, ಬಾಗಿದ ತಲೆ, ಸಣ್ಣ ಕೊರಳು, ಮೆತ್ತನೆಯ ಮೇಲ್ರೆಕ್ಕೆ, ಇವೇ ಇದರ ಗುರುತುಗಳು. ಗುಂಡಗಿನ ಗುಲಗಂಜಿಹುಳುವೆಂದು ಭ್ರಮಿಸಬಾರದು. ಒತ್ತಿದರೆ ಕಾಲಿನ ಸಂದುಗಳಿಂದ ಹಳದಿ ರಸವೊಸರುವದು. ಅದರಲ್ಲಿ ಕ್ಯಾಂಥರಿಡಿನ್ ಎಂಬ ವಿಷವಿರುವದು. ಈ ವಸ್ತುವನ್ನು 1810ರಲ್ಲಿ ಫ್ರಾನ್ಸಿನ ರೊಬಿಕೆ ಎಂಬವರು ಇದೇ ವಂಶದ ಹುಳುವಿನಿಂದ ಬೇರ್ಪಡಿಸಿದರು.

ಹುಳು ಮೈಮೇಲೆ ಕುಳಿತರೆ ಒರಸದೆ ಊದಿ ಹಾರಿಸಬೇಕು. ರಸ ತಗಲಿದರೆ ಕೂಡಲೆ ಸಾಬೂನುನೀರಿನಿಂದ ತೊಳೆಯಬೇಕು. ಆ ಕೈಯನ್ನು ಕಣ್ಣಿಗೆ ಮುಟ್ಟಿಸಲಾಗದು. ಬೆಂಡೆ, ತೊಗರಿಗಳ ಹೂವಿಗೆ ಇದು ಹಾನಿಕರವೇ ಸರಿ. ಆದರೂ ಇದರ ಮರಿಗಳು ಮಣ್ಣಿನೊಳಗೆ ಮಿಡತೆಯ ಮೊಟ್ಟೆಗಳನ್ನು ತಿನ್ನುವವು. ಆದುದರಿಂದ ಹಾದಿಯಲ್ಲಿ ಕಂಡುದನ್ನೆಲ್ಲ ಕೊಲ್ಲುವದಕ್ಕಿಂತ ಮಕ್ಕಳಿಗೆ ಗುರುತು ಕಲಿಸುವದೇ ಲೇಸು.

ಮುಂದೆ ಹಿರೇಕೆರೂರಿನ ಹೊಲವೊಂದರಲ್ಲಿ ಅದೇ ಹುಳು ಕಂಡಿತು. ಮಗಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೂರದಿಂದಲೇ ನಮಗೆ ಅದರ ಪಟ್ಟೆಗಳನ್ನು ಎಣಿಸಿ ಹೇಳಿದಳು.