ಎರವಲು ಬಂದ ಜಾಣ್ಮೆಯೂ ಗಡಿನಾಡಿನ ಶಾಲೆಯೂ



ಈಚಿನ ವರ್ಷಗಳಲ್ಲಿ ನಮ್ಮ ಸಂಘಸಂಸ್ಥೆಗಳ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ: "ಕಂಪೆನಿಯವರು ಬರುತ್ತಾರಂತೆ, ದುಡ್ಡಿನ ಜೊತೆಗೆ ಬುದ್ಧಿಯನ್ನೂ ಕೊಡುತ್ತಾರಂತೆ." ಕೆಲವರಿಗೆ ಇದು ವರವಾಗಿ ಕಾಣುತ್ತದೆ, ಕೆಲವರಿಗೆ ಅನುಮಾನ. ಕಾಸರಗೋಡಿನ ಒಂದು ಅನುದಾನಿತ ಕನ್ನಡ ಶಾಲೆಯ ಹಿತಚಿಂತಕರ ಸಮಿತಿಯಲ್ಲಿ ಕುಳಿತು ಇದರ ಎರಡು ಮುಖಗಳನ್ನೂ ಕಂಡವನಾದ್ದರಿಂದ, ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಈ ಪದ್ಧತಿ ನಮ್ಮಲ್ಲಿಗೆ ಹೊಸತೇ ಹೊರತು ಲೋಕಕ್ಕೆ ಹೊಸತಲ್ಲ. 2008ರಲ್ಲಿ ಐಬಿಎಂ ಸಂಸ್ಥೆಯು ತನ್ನ ನೌಕರರ ಸಣ್ಣ ಸಣ್ಣ ತಂಡಗಳನ್ನು ಘಾನಾ, ತಾಂಜಾನಿಯಾ, ವಿಯೆಟ್ನಾಂ, ಫಿಲಿಪ್ಪೀನ್ಸ್ ಮುಂತಾದ ದೇಶಗಳಿಗೆ ಸುಮಾರು ಒಂದು ತಿಂಗಳ ಮಟ್ಟಿಗೆ ಕಳುಹಿಸಿ, ಅಲ್ಲಿನ ಸೇವಾಸಂಸ್ಥೆಗಳಿಗೂ ಸಣ್ಣ ಉದ್ದಿಮೆಗಳಿಗೂ ಶುಲ್ಕವಿಲ್ಲದೆ ಸಲಹೆ ನೀಡುವ ಏರ್ಪಾಡನ್ನು ಆರಂಭಿಸಿತು. ನಮ್ಮ ದೇಶದಲ್ಲಿ 2013ರ ಕಂಪೆನಿ ಕಾಯಿದೆಯ 135ನೆಯ ಕಲಮು, ನಿರ್ದಿಷ್ಟ ಮಟ್ಟವನ್ನು ಮೀರಿದ ಕಂಪೆನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. 2014ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದ ಮೇಲೆ ಕಂಪೆನಿಯ ಅಧಿಕಾರಿಗಳು ಹಳ್ಳಿಯ ಶಾಲೆಯ ಮೆಟ್ಟಿಲು ಹತ್ತುವುದು ಅಪರೂಪವಾಗಿ ಉಳಿಯಲಿಲ್ಲ.

ವ್ಯವಹಾರಜ್ಞಾನವು ಸೇವೆಗೆ ಒದಗಿದರೆ ಏನಾಗಬಲ್ಲದು ಎಂಬುದಕ್ಕೆ ಮದುರೆಯ ಅರವಿಂದ ಕಣ್ಣಾಸ್ಪತ್ರೆಯೇ ಸಾಕ್ಷಿ. ಸರಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳೊಂದಿಗೆ ತೆರೆದ ಆ ಆಸ್ಪತ್ರೆಗೆ, ಕಲ್ಕತ್ತೆಯ ಐಐಎಂನಲ್ಲಿ ಓದಿದ ಆರ್. ಡಿ. ತುಳಸಿರಾಜ್ ಅವರು ಕಂಪೆನಿಯ ಉದ್ಯೋಗ ತೊರೆದು ಬಂದು ಸೇರಿದರು. ಹಣವುಳ್ಳವರಿಂದ ಶುಲ್ಕ, ಬಡವರಿಗೆ ಉಚಿತ ಎಂಬ ಅಲ್ಲಿನ ಲೆಕ್ಕಾಚಾರ ದಶಕಗಳಿಂದ ನಡೆದುಬಂದಿದೆ. ಗಮನಿಸಬೇಕಾದದ್ದು ಇಷ್ಟೇ: ಅವರು ತಿಂಗಳ ಮಟ್ಟಿಗೆ ಬಂದು ಹೋದವರಲ್ಲ, ಬಂದು ನೆಲೆನಿಂತವರು.

ಇನ್ನು ನಮ್ಮ ಶಾಲೆಯ ವಿಷಯ. ಬೆಂಗಳೂರಿನ ಒಂದು ಕಂಪೆನಿಯಿಂದ ನಾಲ್ವರು ತರುಣ ತರುಣಿಯರು ಬಂದರು. ಎಲ್ಲರಿಗೂ ಕನ್ನಡ ಬರುತ್ತಿತ್ತು, ಎಲ್ಲರೂ ವಿನಯಶೀಲರು. ಮೊದಲ ವಾರದಲ್ಲಿಯೇ ನಮ್ಮ ಕೋಶಾಧಿಕಾರಿಗಳ ಮೂರು ಪುಸ್ತಕಗಳ ಲೆಕ್ಕವನ್ನು ಒಂದೇ ಹಾಳೆಗೆ ಇಳಿಸಿದರು. ದಾನ ಬರುವುದು ವಾರ್ಷಿಕೋತ್ಸವದ ತಿಂಗಳಲ್ಲಿ, ಖರ್ಚು ಬೀಳುವುದು ಶಾಲೆ ತೆರೆಯುವ ಜೂನಿನಲ್ಲಿ. ನಡುವಿನ ಕೊರತೆಗೆ ಪ್ರತಿವರ್ಷ ಸಾಲ ಮಾಡುತ್ತಿದ್ದೇವೆಂಬುದು ಆ ಹಾಳೆಯಲ್ಲಿ ಕನ್ನಡಿಯಂತೆ ಕಂಡಿತು. ಶಾಲೆಯ ವಾಹನದ ದಾರಿಯನ್ನು ಬದಲಿಸಿ ಒಂದು ಸುತ್ತಿನ ಡೀಸೆಲನ್ನೂ ಉಳಿಸಿಕೊಟ್ಟರು.

ಎರಡನೆಯ ಉಪಕಾರ ಇನ್ನೂ ದೊಡ್ಡದು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ತಲೆ ಎಣಿಸುತ್ತಾರೆ; ಅಧ್ಯಾಪಕರ ಹುದ್ದೆ ನಿರ್ಧಾರವಾಗುವುದು ಆ ಎಣಿಕೆಯ ಮೇಲೆ. ಮಕ್ಕಳು ಕಡಮೆಯಾದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಹೆತ್ತವರ ವಿಶ್ವಾಸ ಹೋಗುತ್ತದೆ, ವಿಶ್ವಾಸ ಹೋದರೆ ಮರುವರ್ಷ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಒಂದನೆಯ ತರಗತಿಗೆ ಮಕ್ಕಳು ಬರುತ್ತಿಲ್ಲವೆಂದು ನಾವು ಮೇ ತಿಂಗಳಲ್ಲಿ ಮನೆ ಮನೆ ತಿರುಗುತ್ತಿದ್ದೆವು. "ಸರ್, ಮಗು ಕೈತಪ್ಪುವುದು ಯಾವ ವಯಸ್ಸಿನಲ್ಲಿ?" ಎಂದು ಆ ತಂಡದ ಹುಡುಗಿ ಕೇಳಿದಳು. ಉತ್ತರ ಹುಡುಕುತ್ತ ಅವಳೊಡನೆ ಮತ್ತೆ ಮನೆಗಳಿಗೆ ಹೋದಾಗ ಒಬ್ಬ ತಾಯಿ ಹೇಳಿದ್ದು ನೆನಪಿದೆ: "ಕನ್ನಡ ಬೇಡ ಅಂತ ಅಲ್ಲ ಮಾಷ್ಟ್ರೇ. ಮೂರೂವರೆ ವರ್ಷಕ್ಕೆ ಅಂಗಳಕ್ಕೆ ಬಂದದ್ದು ಆ ಇಂಗ್ಲಿಷ್ ಶಾಲೆಯ ವ್ಯಾನು. ಅಲ್ಲಿ ಹೊಂದಿಕೊಂಡ ಮಗುವನ್ನು ಮತ್ತೆ ತೆಗೆಯುವುದು ಹೇಗೆ?" ನಮ್ಮ ಶಾಲೆಯಲ್ಲಿ ಶಿಶುವಿಹಾರವಿರಲಿಲ್ಲ. ರೋಗದ ಮೂಲ ಅಲ್ಲಿತ್ತು.

ಆದರೆ ಕೊನೆಗೆ ಬಂದ ವರದಿ ನನ್ನ ನಿದ್ದೆ ಕೆಡಿಸಿತು. ಇಂಗ್ಲಿಷಿನಲ್ಲಿದ್ದ ಆ ವರದಿಯ ಮುಖ್ಯ ಶಿಫಾರಸು: ಕನ್ನಡ ಮಾಧ್ಯಮಕ್ಕೆ ಬೇಡಿಕೆ ಕ್ಷೀಣಿಸಿದೆ, ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಗಿ, ಕನ್ನಡವನ್ನು ಒಂದು ವಿಷಯವಾಗಿ ಉಳಿಸಿಕೊಳ್ಳಿ. ಆಧಾರವೇನೆಂದು ನೋಡಿದೆ. ಅವರ ನಮೂನೆಯಲ್ಲಿ 'ಮಾತೃಭಾಷೆ' ಎಂಬ ಒಂದೇ ಅಂಕಣವಿತ್ತು. ನಮ್ಮ ಜನ ಪ್ರಾಮಾಣಿಕವಾಗಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಎಂದು ತುಂಬಿದ್ದರು. ಅವರೆಲ್ಲರೂ ಕನ್ನಡಿಗರಲ್ಲದವರ ಲೆಕ್ಕಕ್ಕೆ ಸೇರಿಹೋಗಿದ್ದರು! ಮನೆಯಲ್ಲಿ ತುಳುವಾಡಿ ಶಾಲೆಯಲ್ಲಿ ಕನ್ನಡ ಕಲಿತು, ಕನ್ನಡದಲ್ಲಿಯೇ ಯಕ್ಷಗಾನ ನೋಡಿ, ಕನ್ನಡದಲ್ಲಿಯೇ ಪತ್ರ ಬರೆದ ತಲೆಮಾರುಗಳ ನಾಡಿದು. ಆ ಸಂಗತಿ ಬೆಂಗಳೂರಿನ ನಮೂನೆಗೆ ಹೇಗೆ ತಿಳಿಯಬೇಕು?

ಸಭೆಯಲ್ಲಿ ತಂಡದ ಮುಖ್ಯಸ್ಥನು, "ಅಂಕಿ ಹೇಳಿದ್ದನ್ನೇ ನಾವು ಬರೆದದ್ದು, ಸರ್" ಎಂದ. "ಅಂಕಿ ಸುಳ್ಳಾಡಲಿಲ್ಲ ತಮ್ಮಾ, ನಾವು ಕೇಳಿದ ಪ್ರಶ್ನೆಯೇ ಅರ್ಧವಾಗಿತ್ತು" ಎಂದೆ. ನಮ್ಮ ಸಮಿತಿಯೂ ಎರಡಾಯಿತು. ಮಾಧ್ಯಮ ಬದಲಾದರೆ ಮಕ್ಕಳಾದರೂ ಉಳಿಯುತ್ತಾರಲ್ಲ ಎಂಬ ಕೋಶಾಧಿಕಾರಿಗಳ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಶಾಲೆಯನ್ನು ಒಂದು ಅಂಗಡಿಯೆಂದು ಭಾವಿಸಿದರೆ ಅದು ಸರಿಯಾದ ವಾದವೇ. ಆದರೆ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಕನ್ನಡ ತರಗತಿಯಿದ್ದರೆ ಮಾತ್ರ ಕನ್ನಡ ಬಲ್ಲ ಅಧ್ಯಾಪಕರನ್ನು ಕೇಳುವ ಹಕ್ಕು ನಮಗಿದೆ. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗಲೆಲ್ಲ ನಮ್ಮ ಮಕ್ಕಳೂ ಹೆತ್ತವರೂ ಬೀದಿಗಿಳಿಯಬೇಕಾದ ನಾಡಿದು. ಒಂದು ಶಾಲೆ ತನ್ನ ಲಾಭನಷ್ಟ ನೋಡಿ ಮಾಧ್ಯಮ ಬಿಟ್ಟರೆ, ಪಕ್ಕದ ಹತ್ತು ಶಾಲೆಗಳ ಬೇಡಿಕೆಯ ಬಲವೂ ಕುಂದುತ್ತದೆ. ಈ ನಷ್ಟಕ್ಕೆ ವರದಿಯಲ್ಲಿ ಅಂಕಣವೇ ಇರಲಿಲ್ಲ.

ಮೂರು ಸಭೆಗಳ ಬಳಿಕ ಒಂದು ತೀರ್ಮಾನವಾಯಿತು. ಮಾಧ್ಯಮ ಕನ್ನಡವೇ, ಜೊತೆಗೆ ಶಿಶುವಿಹಾರ, ಅದಕ್ಕೊಂದು ವಾಹನ, ಮೊದಲಿನಿಂದಲೇ ಒಳ್ಳೆಯ ಇಂಗ್ಲಿಷ್ ಪಾಠ. ಅದರ ಖರ್ಚುವೆಚ್ಚದ ಅಂದಾಜನ್ನು ಹಾಕಿಕೊಟ್ಟವರೂ ಅದೇ ತರುಣರು! ಕಂಪೆನಿ ಕೊಟ್ಟ ಅವಧಿ ಮುಗಿದ ಮೇಲೂ ಆ ಹುಡುಗಿ ತಿಂಗಳಿಗೊಮ್ಮೆ ದೂರವಾಣಿಯಲ್ಲಿ ಲೆಕ್ಕ ವಿಚಾರಿಸುತ್ತಾಳೆ. ಈ ಸಲದ ಆರನೆಯ ದಿನ ನಮ್ಮ ತರಗತಿ ಉಳಿಯಿತು. ಬರುವ ವರ್ಷವೂ ಉಳಿದೀತೆಂದು ಹೇಳುವ ಧೈರ್ಯ ನನಗಿಲ್ಲ.

ಆದಕಾರಣ ಇಂತಹ ನೆರವನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಬೇಡಿರೆಂದು ನನ್ನ ವಿನಂತಿ. ಅದರ ಜೊತೆಗೆ ಮೂರು ಮಾತುಗಳನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಪ್ರಶ್ನಾವಳಿಯನ್ನು ಊರವರೊಡನೆ ಕುಳಿತು ಸಿದ್ಧಪಡಿಸಬೇಕು. ವರದಿ ಕನ್ನಡದಲ್ಲಿರಬೇಕು, ಹೆತ್ತವರ ಸಭೆಯಲ್ಲಿ ಓದಿ ಹೇಳುವಂತಿರಬೇಕು. ಶಾಲೆ ಯಾತಕ್ಕಾಗಿ ಇದೆಯೆಂಬುದನ್ನು ನಾವು ಹೇಳಬೇಕು. ಅದನ್ನು ನಡೆಸುವ ಬಗೆ ಹೇಗೆಂಬುದನ್ನು ಅವರಿಂದ ಕಲಿಯಬೇಕು.

ಅಕ್ಕಲಕೋಟೆ, ಜತ್ತ, ತಾಳವಾಡಿ, ಹೊಸೂರು, ಆದೋನಿ, ಮಡಕಶಿರಾಗಳ ಬಂಧುಗಳಿಗೂ ಇಂತಹ ಅನುಭವಗಳಾಗಿರಬಹುದು. ದಯಮಾಡಿ ತಿಳಿಸಿರಿ. ಒಂದೂರಿನವರು ಕಂಡುಕೊಂಡ ದಾರಿ ಇನ್ನೊಂದೂರಿನ ತರಗತಿಯನ್ನು ಉಳಿಸೀತು.